ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ನಮ್ಮ ಬ್ಯಾರಿ ಮನೆಗಳಲ್ಲಿ ಗಲ್ಫಿನ ಯಾವುದಾದರೊಂದು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವರು ಒಬ್ಬರಾದರೂ ಇರುತ್ತಾರೆ. ಮಗ ಅಲ್ಲಿ ಎಂತ ಮಾಡ್ತಾನೆ ಎಂದು ಯಾರಾದರೂ ಕೇಳಿದರೆ ಮನೆಯವರು 'ಗಾಡಿ ರಿಪೇರಿ' ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಎರಡು ಪದಗಳ ಒಳಗೆ ಏನೇನುಂಟು ಎಂದು ರಜೆಗೆ ಬಂದಾಗ ನಾವೂ ಬಿಡಿಸಿ ಹೇಳುವುದಿಲ್ಲ, ಕೇಳುವವರಿಗೂ ಪುರುಸೊತ್ತಿಲ್ಲ. ಪೆಟ್ಟಿಗೆ ಬಿಚ್ಚಿ ಅತ್ತರು, ಚಾಕಲೇಟು ಹಂಚುವುದರಲ್ಲೇ ದಿನ ಕಳೆಯುತ್ತದೆ.

ಹಾಗಾಗಿ ಇವತ್ತು ಒಂದೇ ಒಂದು ರಿಪೇರಿಯ ಕಥೆ ಹೇಳುತ್ತೇವೆ. ಬಹ್ರೈನಿನ ಸಲ್ಮಾಬಾದ್‌ನಲ್ಲಿ ನಾವು ಮೂವರು ಊರಿನವರು ಒಂದೇ ಗ್ಯಾರೇಜಿನಲ್ಲಿದ್ದೆವು. ಇಬ್ಬರು ಹಳಬರು, ಒಬ್ಬ ಹೊಸ ಹುಡುಗ. ಹುಡುಗ ಫರಂಗಿಪೇಟೆ ಕಡೆಯವನು, ಐಟಿಐ ಮುಗಿಸಿ ಬಂದಿದ್ದ. ಕೆಲಸದಲ್ಲಿ ಚುರುಕು, ಬಾಯಿ ಕಡಿಮೆ. ಅವನ ಅರ್ಧ ತಿಂಗಳ ಸಂಬಳ ಒಂದು ಎಣ್ಣೆ ಸೋರಿಕೆಯಲ್ಲಿ ಹೋಗುವುದರಲ್ಲಿತ್ತು. ತಪ್ಪು ಅವನದ್ದಾಗಿರಲಿಲ್ಲ. ಯಾರದ್ದು ಎಂಬುದು ಮುಂದೆ ಬರುತ್ತದೆ.

ಗಾಡಿ ಸಾಮಾನ್ಯದ್ದಲ್ಲ, ಡ್ರ್ಯಾಗ್ ಕಾರು. ನಮ್ಮ ಓದುಗರಿಗೆ ಡ್ರ್ಯಾಗ್ ರೇಸ್ ಅರ್ಥವಾಗಲು ಕಂಬಳ ನೆನಪಿಸಿಕೊಂಡರೆ ಸಾಕು. ಜೋಡುಕರೆ ಇದ್ದ ಹಾಗೆ ಎರಡು ನೇರ ದಾರಿ, ತಿರುವು ಇಲ್ಲ, ಸುತ್ತು ಇಲ್ಲ. ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಗೆ ಯಾರು ಮೊದಲು. ಕೆಸರಿನ ಬದಲು ಅಂಟು ಹಚ್ಚಿದ ರಸ್ತೆ, ಕೋಣಗಳ ಬದಲು ಎಂಜಿನ್. ದೂರ ಕಾಲು ಮೈಲಿ, ಅಂದರೆ 402 ಮೀಟರ್. ಕೆಲವು ಕಡೆ ಅದರ ಅರ್ಧ. ಒಳ್ಳೆಯ ಗಾಡಿಗಳು ಇದನ್ನು ಹತ್ತು ಸೆಕೆಂಡಿನೊಳಗೆ ಮುಗಿಸುತ್ತವೆ. ನೋಡುವವ ಕಣ್ಣು ಮಿಟುಕಿಸಿದರೆ ಅರ್ಧ ರೇಸ್ ಹೋಯಿತು.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಾದರೂ ಅರಬ್ಬರ ನಾಡಿನಲ್ಲಿ ಇದರ ಹುಚ್ಚು ಸಣ್ಣದಲ್ಲ. ಕತಾರಿನ ಅಲ್ ಅನಾಬಿ ತಂಡ ಅಮೆರಿಕಕ್ಕೇ ಹೋಗಿ 2010, 2011 ಮತ್ತು 2013ರಲ್ಲಿ ಅಲ್ಲಿನ ಅತಿ ವೇಗದ ಟಾಪ್ ಫ್ಯುಯೆಲ್ ವಿಭಾಗದ ಚಾಂಪಿಯನ್ ಪಟ್ಟ ಗೆದ್ದಿತ್ತು. ಬಹ್ರೈನಿನ ಸಾಖೀರ್‌ನಲ್ಲಿ 2004ರಲ್ಲಿ ಶುರುವಾದ ಫಾರ್ಮುಲಾ ಒನ್ ಸರ್ಕಿಟ್ ಎಲ್ಲರಿಗೂ ಗೊತ್ತು. ಅದೇ ಆವರಣದಲ್ಲಿ ಒಂದು ಡ್ರ್ಯಾಗ್ ಪಟ್ಟಿಯೂ ಇದೆ. ಚಳಿಗಾಲ ಬಂತೆಂದರೆ ಅಲ್ಲಿನ ಹುಡುಗರಿಗೆ ನಿದ್ದೆ ಇಲ್ಲ. ಅವರಿಗೆ ನಿದ್ದೆ ಇಲ್ಲದಿದ್ದರೆ ಸಲ್ಮಾಬಾದಿನ ಗ್ಯಾರೇಜಿನವರಿಗೂ ಇಲ್ಲ.

ನಮ್ಮಲ್ಲಿ ಬರುತ್ತಿದ್ದದ್ದು ಒಬ್ಬ ಬಹ್ರೈನಿ ಯುವಕನ ಹಳೇ ಶೆವರ್ಲೆ ನೋವಾ. ಹೊರಗಿನ ತಗಡು ಮಾತ್ರ ಹಳೇದು, ಒಳಗೆ ಎಲ್ಲವೂ ರೇಸಿಗೆಂದೇ ಮಾಡಿದ್ದು. ಗೇರ್‌ಬಾಕ್ಸ್ ಮಾತ್ರ ಪವರ್‌ಗ್ಲೈಡ್. ಇದನ್ನು ಕೇಳಿದರೆ ಊರಿನ ಡ್ರೈವರುಗಳು ನಗುತ್ತಾರೆ. ಶೆವರ್ಲೆ ಕಂಪೆನಿ 1950ರಲ್ಲಿ ತಂದು 1973ರಲ್ಲಿ ನಿಲ್ಲಿಸಿದ ಆಟೊಮ್ಯಾಟಿಕ್ ಪೆಟ್ಟಿಗೆ ಅದು. ಮುಂದಕ್ಕೆ ಎರಡೇ ಗೇರು! ಐದು ಗೇರು, ಆರು ಗೇರು ಎಂದು ಜಾಹೀರಾತು ಕೊಡುವ ಕಾಲದಲ್ಲಿ ರೇಸಿನವರು ಈ ಎರಡು ಗೇರಿನ ಮುದುಕನನ್ನೇ ಹುಡುಕುತ್ತಾರೆ. ಕಾರಣ ಸರಳ. ಹಗುರ, ಒಳಗೆ ತಿರುಗುವ ಸಾಮಾನು ಕಡಿಮೆ, ಇಡೀ ಓಟದಲ್ಲಿ ಒಂದೇ ಸಲ ಗೇರು ಬದಲಾದರೆ ಆಯಿತು.

ಆಟೊಮ್ಯಾಟಿಕ್ ಪೆಟ್ಟಿಗೆಯಲ್ಲಿ ಕ್ಲಚ್ ಪೆಡಲ್ ಇಲ್ಲ. ಅದರ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ದಪ್ಪ ಡೋನಟ್ ಥರದ ವಸ್ತು ಇರುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರೆದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟು ನೋಡಿ, ಅದರ ಗಾಳಿಗೆ ಇನ್ನೊಂದೂ ತಿರುಗಲು ಶುರು ಮಾಡುತ್ತದೆ. ಕನ್ವರ್ಟರಿನಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ ಒಂದು ಬದಿಯನ್ನು ತಿರುಗಿಸುತ್ತದೆ, ಎಣ್ಣೆ ಇನ್ನೊಂದು ಬದಿಯನ್ನು ತಳ್ಳುತ್ತದೆ. ಕನ್ವರ್ಟರಿನ ಹಿಂದೆ ಒಂದು ಕೊಳವೆಯಂಥ ಕುತ್ತಿಗೆ ಉಂಟು, ಹಬ್ ಎನ್ನುತ್ತೇವೆ. ಅದು ಗೇರ್‌ಬಾಕ್ಸಿನ ಮುಂಭಾಗದ ಪಂಪಿನೊಳಗೆ ಹೊಕ್ಕು ಪಂಪನ್ನು ತಿರುಗಿಸುತ್ತದೆ. ಹಬ್ ತಿರುಗುವ ಜಾಗದಲ್ಲಿ ಒಂದು ಬುಷ್, ಬುಷ್‌ನ ಮುಂದೆ ಒಂದು ರಬ್ಬರ್ ಸೀಲ್. ಈ ಸೀಲ್, ಬುಷ್ ಎರಡನ್ನೂ ನೆನಪಿಡಿ. ಇಡೀ ಕಥೆ ಅಲ್ಲೇ ಇರುವುದು.

ಡ್ರ್ಯಾಗ್ ಕಾರಿನಲ್ಲಿ ಇದಕ್ಕೆ ಇನ್ನೊಂದು ಉಪದ್ರ ಜಾಸ್ತಿ, ಟ್ರಾನ್ಸ್‌ಬ್ರೇಕ್. ಬಟನ್ ಒತ್ತಿದರೆ ಮೊದಲ ಗೇರೂ ರಿವರ್ಸ್ ಗೇರೂ ಒಟ್ಟಿಗೇ ಹಿಡಿದುಕೊಳ್ಳುತ್ತವೆ. ಗಾಡಿ ಎಲ್ಲಿಗೂ ಹೋಗುವಂತಿಲ್ಲ. ಡ್ರೈವರ್ ಆಕ್ಸಿಲರೇಟರ್ ಒತ್ತಿ ಎಂಜಿನನ್ನು ಕಿರುಚಿಸುತ್ತಾ ದೀಪಕ್ಕೆ ಕಾಯುತ್ತಾನೆ. ಹಸಿರು ಬಂದಾಗ ಬಟನ್ ಬಿಟ್ಟರೆ ಗಾಡಿ ಗುಂಡಿನ ಹಾಗೆ ಹಾರುತ್ತದೆ. ಆ ಎರಡು ಮೂರು ಸೆಕೆಂಡಿನಲ್ಲಿ ಕನ್ವರ್ಟರಿನೊಳಗಿನ ಎಣ್ಣೆಗೆ ಹೋಗಲು ದಾರಿ ಇಲ್ಲ, ಎಂಜಿನಿನ ಶಕ್ತಿ ಪೂರಾ ಬಿಸಿಯಾಗಿ ಅದರ ಮೇಲೆಯೇ ಬೀಳುತ್ತದೆ. ದುರ್ಬಲ ಜಾಗ ಎಲ್ಲಿದ್ದರೂ ಆಗ ಗೊತ್ತಾಗುತ್ತದೆ.

ಆ ವರ್ಷ ಜನವರಿಯ ಒಂದು ರೇಸಿನ ರಾತ್ರಿ ನಮ್ಮ ನೋವಾ ಎರಡು ಓಟ ಮುಗಿಸಿ ಮೂರನೆಯದಕ್ಕೆ ಸಾಲಿನಲ್ಲಿ ನಿಂತಿತ್ತು. ಪಟ್ಟಿಯ ಸಿಬ್ಬಂದಿ ಟಾರ್ಚ್ ಹಾಕಿ ಬಗ್ಗಿ ನೋಡಿದ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ, ಬೆಲ್‌ಹೌಸಿಂಗಿನ ಕೆಳಗೆ, ಕೆಂಪು ಹನಿ. ಕೈಯಲ್ಲೇ ಸನ್ನೆ ಮಾಡಿದ, ಹೊರಗೆ ತೆಗೆ. ಮಾತೇ ಇಲ್ಲ.

ನಾಲ್ಕು ಹನಿಗೆ ಇಷ್ಟು ಗಲಾಟೆಯಾ ಎಂದು ಕೇಳಬಹುದು. ಊರಿನ ರಸ್ತೆಯಲ್ಲಾದರೆ ಒಂದು ವಾರ ಹಾಗೇ ಓಡಿಸುತ್ತೇವೆ. ಆದರೆ ಇಲ್ಲಿ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರಿ ಬೀಳುವುದು ಹಿಂದಿನ ಚಕ್ರದ ಎದುರಿಗೆ. ಗಂಟೆಗೆ 200 ಕಿ.ಮೀ. ದಾಟಿದ ಗಾಡಿಯ ಒಂದು ಚಕ್ರಕ್ಕೆ ಎಣ್ಣೆ ತಾಗಿ ಇನ್ನೊಂದಕ್ಕೆ ತಾಗದಿದ್ದರೆ ಸ್ಟಿಯರಿಂಗ್ ಹಿಡಿದವನ ಕೈಯಲ್ಲಿ ಏನೂ ಇಲ್ಲ, ಗೋಡೆಗೇ ಹೋಗುತ್ತದೆ. ಕಾದ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ನಂತರ ಬರುವ ಗಾಡಿಗೂ ಅದೇ ರಸ್ತೆ, ಅದೇ ಎಣ್ಣೆ.

ಗೇರ್‌ಬಾಕ್ಸ್ ಎಂದರೆ ಅಮೆರಿಕದ ರೇಸಿನವರಿಗೆ ಎಷ್ಟು ಭಯ ಎನ್ನುವುದಕ್ಕೆ ಡಾನ್ ಗಾರ್ಲಿಟ್ಸ್ ಕಥೆ ಒಂದೇ ಸಾಕು. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಪಟ್ಟಿಯಲ್ಲಿ ಹೊರಡುವ ಗಳಿಗೆಯಲ್ಲೇ ಅವರ ಕಾಲಿನ ಹತ್ತಿರವಿದ್ದ ಎರಡು ಗೇರಿನ ಟ್ರಾನ್ಸ್‌ಮಿಷನ್ ಸಿಡಿಯಿತು. ಗಾಡಿ ಎರಡು ತುಂಡಾಯಿತು, ಬಲ ಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಿಂದ ಬಂದು ಎಂಜಿನನ್ನು ಡ್ರೈವರಿನ ಹಿಂದೆ ಇಡುವ ಗಾಡಿ ಕಟ್ಟಿ 1971ರಲ್ಲಿ ಪಟ್ಟಿಗೆ ತಂದರು. ಆಮೇಲೆ ಆ ವರ್ಗದ ಗಾಡಿಗಳೆಲ್ಲ ಅದೇ ದಾರಿ ಹಿಡಿದವು. ಅದು ಸೋರಿಕೆಯ ಕಥೆಯಲ್ಲ, ನಿಜ. ಆದರೂ ಟಾರ್ಚ್ ಹಿಡಿದ ಆ ಸಿಬ್ಬಂದಿಯ ಮೇಲೆ ನಮಗೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ನಮ್ಮ ಮುದೀರನಿಗೆ. ಎರಡು ವಾರದ ಹಿಂದೆ ಈ ಕನ್ವರ್ಟರನ್ನು ಸರಿಮಾಡಿಸಿ ತಂದು ಕೂರಿಸಿದ್ದು ಹೊಸ ಹುಡುಗ. ಪೆಟ್ಟಿಗೆ ಇಳಿಸಿದ್ದೂ ಅವನೇ, ಏರಿಸಿದ್ದೂ ಅವನೇ. 'ಕೂರಿಸುವಾಗ ಹಬ್ ತಾಗಿಸಿ ಸೀಲ್ ಹರಿದಿದ್ದಾನೆ. ಗಿರಾಕಿಯ ರೇಸ್ ಹೋಯಿತು. ಅರ್ಧ ಸಂಬಳ ಕಡಿತ' ಎಂದು ಅಲ್ಲೇ ತೀರ್ಪು. ಹುಡುಗ ತುಟಿ ಪಿಟಿಕ್ಕೆನ್ನಲಿಲ್ಲ. ನಾವಿಬ್ಬರು ಹಳಬರೂ ಸುಮ್ಮನಿದ್ದೆವು. ನಿಜ ಹೇಳಬೇಕೆಂದರೆ ನಮಗೂ ಹಾಗೇ ಅನಿಸಿತ್ತು. ಕನ್ವರ್ಟರ್ ಭಾರದ್ದು, ಒಬ್ಬನೇ ಎತ್ತಿ ಕೂರಿಸುವಾಗ ಹಬ್‌ನ ಅಂಚು ಸೀಲಿನ ತುಟಿಗೆ ತಾಗುವುದು ಹೊಸಬರಲ್ಲಿ ಸಾಮಾನ್ಯ.

ಮುದೀರ್ ಅಷ್ಟಕ್ಕೇ ಬಿಡದೆ, ಪೆಟ್ಟಿಗೆ ಇಳಿಸುವ ಮೊದಲು ಕೆಳಗಿನ ಪ್ಯಾನ್ ಗ್ಯಾಸ್ಕೆಟ್ ಹೊಸದು ಹಾಕಿ ನೋಡಿ ಎಂದ. ಎಣ್ಣೆ ಸೋರಿದರೆ ಪ್ಯಾನ್ ಗ್ಯಾಸ್ಕೆಟ್ ಬದಲಿಸುವುದು ಗ್ಯಾರೇಜುಗಳ ಹಳೇ ಚಾಳಿ. ಅಗ್ಗದ ಕೆಲಸ, ಗಿರಾಕಿಗೂ ಏನೋ ಮಾಡಿದ್ದಾರೆ ಅನಿಸುತ್ತದೆ. ನಮ್ಮ ಜೊತೆಗಿದ್ದ ಹಿರಿಯರು ಒಪ್ಪಲಿಲ್ಲ. ಎಲ್ಲಿಂದ ಎಂದು ಗೊತ್ತಾಗದೆ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದರು.

ಸೋರಿಕೆ ಹುಡುಕುವ ಕೆಲಸದಲ್ಲಿ ಮೊದಲನೆಯದು ತೊಳೆಯುವುದು. ಇದನ್ನು ಹೇಳಿದರೆ ಹುಡುಗರಿಗೆ ನಗು. ಆದರೆ ಹನಿ ಬೀಳುವ ಜಾಗ ಎಣ್ಣೆ ಹೊರಬರುವ ಜಾಗವಲ್ಲ. ಮಳೆಗಾಲದಲ್ಲಿ ಹಂಚಿನ ಮಾಡಿನ ನೀರು ಪಕ್ಕಾಸಿನ ಮೇಲೆ ಹರಿದು ಎಲ್ಲೋ ಹಾಸಿಗೆ ಮೇಲೆ ಬೀಳುವುದಿಲ್ಲವೇ? ಹಾಗೆಯೇ ಇದೂ. ಮೇಲೆ ಎಲ್ಲೋ ಬಂದ ಎಣ್ಣೆ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ, ಕೊನೆಗೆ ಎಲ್ಲಕ್ಕಿಂತ ತಗ್ಗಿನ ಬೋಲ್ಟಿನ ತುದಿಯಲ್ಲಿ ತೂಗುತ್ತದೆ. ಆದ್ದರಿಂದ ಎಲ್ಲ ಒರೆಸಿ, ಡಿಗ್ರೀಸರ್ ಹಾಕಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಅಡಿಗೆ ಬಿಳಿ ರಟ್ಟು ಹಾಸಿ ಕುಳಿತೆವು. ಎಣ್ಣೆಗೆ ನೇರಳೆ ದೀಪದಲ್ಲಿ ಹೊಳೆಯುವ ಬಣ್ಣದ ದ್ರವ ಒಂದಿಷ್ಟು ಬೆರೆಸಿದೆವು. ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೇನಲ್ಲ.

ರಾತ್ರಿಯಿಡೀ ನಿಂತ ಗಾಡಿಯ ಅಡಿಯ ರಟ್ಟು ಬೆಳಿಗ್ಗೆ ಬಿಳಿಯಾಗಿಯೇ ಇತ್ತು. ಇದರಿಂದಲೇ ಅರ್ಧ ವಿಷಯ ತಿಳಿಯಿತು. ಎಂಜಿನ್ ನಿಲ್ಲಿಸಿದಾಗ ಕನ್ವರ್ಟರಿನಲ್ಲಿದ್ದ ಎಣ್ಣೆ ನಿಧಾನಕ್ಕೆ ಪ್ಯಾನಿಗೆ ಇಳಿಯುತ್ತದೆ, ಪ್ಯಾನಿನ ಮಟ್ಟ ಏರುತ್ತದೆ. ಪ್ಯಾನ್ ಗ್ಯಾಸ್ಕೆಟೋ, ಗೇರು ಲಿವರಿನ ಶಾಫ್ಟಿನ ಸೀಲೋ ಹಾಳಾಗಿದ್ದರೆ ನಿಂತಾಗಲೇ ಸೋರಬೇಕು. ಸೋರಲಿಲ್ಲ. ಎಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಬಿಸಿ ಮಾಡಿದೆವು. ಆಗಲೂ ಒಣ. ನ್ಯೂಟ್ರಲ್‌ನಲ್ಲಿ, ಎಂಜಿನ್ ಓಡುತ್ತಿರುವಾಗ, ಬಿಸಿಯಲ್ಲಿ ಡಿಪ್‌ಸ್ಟಿಕ್ ನೋಡಿದೆವು, ಮಟ್ಟ ಸರಿ. ಈ ಮಟ್ಟ ನೋಡುವುದನ್ನು ಎಷ್ಟೋ ಜನ ಬಿಡುತ್ತಾರೆ. ಎಣ್ಣೆ ಜಾಸ್ತಿಯಾದರೆ ಒಳಗೆ ತಿರುಗುವ ಸಾಮಾನು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ, ನೊರೆ ಮೇಲಿನ ಉಸಿರುಗಂಡಿಯಿಂದ ಹೊರಬಂದು ಸೀಲ್ ಹೋದ ಹಾಗೇ ಕಾಣುತ್ತದೆ. ನಮ್ಮದರಲ್ಲಿ ಉಸಿರುಗಂಡಿಯ ಪೈಪು ಒಂದು ಡಬ್ಬಿಗೆ ಹೋಗುತ್ತಿತ್ತು. ಡಬ್ಬಿ ಖಾಲಿ. ಕೂಲರ್ ಪೈಪಿನ ಗಂಟುಗಳೂ ಒಣ, ಹಿಂದಿನ ಸೀಲೂ ಒಣ.

ಅಂದರೆ ಟ್ರಾನ್ಸ್‌ಬ್ರೇಕ್ ಹಿಡಿದು ಬಿಟ್ಟಾಗ ಮಾತ್ರ ಬರುವ ಸೋರಿಕೆ. ಗ್ಯಾರೇಜಿನಲ್ಲಿ ಆ ಪರೀಕ್ಷೆ ಮಾಡುವಂತಿಲ್ಲ, ಜೀವಕ್ಕೆ ಅಪಾಯ. ಅಭ್ಯಾಸದ ರಾತ್ರಿ ಸಾಖೀರ್‌ಗೆ ಒಯ್ದು, ಅನುಮತಿ ಕೇಳಿ, ಓಡಿಸದೆ ನಿಲುಗಡೆ ಜಾಗದಿಂದ ಸ್ವಲ್ಪವೇ ದೂರ ಹಾರಿಸಿ ನಿಲ್ಲಿಸಿದೆವು. ಬೆಲ್‌ಹೌಸಿಂಗಿನ ಕೆಳಗಿನ ತಗಡು ಬಿಚ್ಚಿ ನೇರಳೆ ದೀಪ ಹಿಡಿದಾಗ ಹಳದಿ ಹಸಿರು ಹೊಳಪು ಕಂಡಿತು. ಕನ್ವರ್ಟರಿನ ಎಂಜಿನ್ ಕಡೆಯ ಮುಖ ಒಣ, ಪಂಪಿನ ಕಡೆಯ ಬೆನ್ನು ಒದ್ದೆ. ಸುತ್ತಲಿನ ಗೋಡೆಗೆ ಚಕ್ರದ ಹಾಗೆ ಎರಚಿತ್ತು. ಎಂಜಿನಿನ ಹಿಂದಿನ ಸೀಲ್ ಹೋಗಿದ್ದರೆ ಮುಂದಿನ ಮುಖ ಒದ್ದೆಯಾಗಬೇಕು, ಎಣ್ಣೆ ಕಪ್ಪಾಗಿರಬೇಕು, ನಮ್ಮ ಬಣ್ಣ ಅದರಲ್ಲಿ ಹೊಳೆಯಬಾರದು. ಕನ್ವರ್ಟರಿನ ಬೆಸುಗೆ ಬಿಟ್ಟಿದ್ದರೆ ಬೆಸುಗೆಯ ಗೆರೆಯಲ್ಲೇ ಒದ್ದೆ ಇರಬೇಕು. ಇದು ಹಬ್‌ನಿಂದ ಹೊರಕ್ಕೆ ಹರಡಿದ್ದು. ಮುಂದಿನ ಸೀಲ್.

ಮುದೀರ್ ಗೆದ್ದವನ ಹಾಗೆ ಹುಡುಗನನ್ನು ನೋಡಿದ.

ಪೆಟ್ಟಿಗೆ ಇಳಿಸಿದೆವು, ಹಳೇ ಸೀಲ್ ಕಿತ್ತೆವು, ಹೊಸದು ಬಡಿದೆವು, ಏರಿಸಿದೆವು. ಹಳೇ ಸೀಲನ್ನು ಹುಡುಗ ತಾನೇ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. 'ಕಾಕ, ಇದರಲ್ಲಿ ಹರಿದದ್ದು ಎಲ್ಲಿದೆ?' ಎಂದ. ನಾವು ನೋಡಿದೆವು. ತುಟಿ ನೆಟ್ಟಗಿತ್ತು. ಗೀರು ಇಲ್ಲ, ಮಡಚಿದ್ದಿಲ್ಲ. ಆದರೂ ಗಂಟೆ ಹನ್ನೊಂದಾಗಿತ್ತು, ಹಸಿವು ಬೇರೆ. 'ಕಣ್ಣಿಗೆ ಕಾಣದಷ್ಟು ಇರಬಹುದು' ಎಂದು ಹೇಳಿ ಮುಗಿಸಿದೆವು. ಸೀಲ್ ಕಿತ್ತ ಹೊತ್ತಿಗೆ ಅದರ ಹಿಂದಿನ ಬುಷ್‌ಗೆ ಒಂದು ಬೆರಳು ಹಾಕಿ ಸವರಿದ್ದರೆ ಅಂದೇ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷದ ಅನುಭವ ಇದ್ದ ನಾವು ಆ ಬೆರಳು ಹಾಕಲಿಲ್ಲ.

ಮುಂದಿನ ಅಭ್ಯಾಸದ ರಾತ್ರಿ ಎರಡನೇ ಓಟಕ್ಕೇ ಮತ್ತೆ ಕೆಂಪು ಹನಿ. ಹೊಸ ಸೀಲು, ಹೊಸ ಸೋರಿಕೆ. ಈ ಸಲ ಸೀಲ್ ಕೂರಿಸಿದ್ದು ನಾವು, ಹುಡುಗನಲ್ಲ. ಯಾರೂ ಯಾರ ಸಂಬಳದ ಮಾತೂ ಎತ್ತಲಿಲ್ಲ, ಅದನ್ನೂ ಹೇಳಿಬಿಡಬೇಕು.

ಮರುದಿನ ಶುಕ್ರವಾರ. ರಜೆ. ನಾವು ಮೂವರೂ ಮಧ್ಯಾಹ್ನದ ಮೇಲೆ ಬಾಗಿಲು ತೆಗೆದು, ಒಂದು ಫ್ಲಾಸ್ಕ್ ಸುಲೈಮಾನಿ ಇಟ್ಟುಕೊಂಡು ಪೆಟ್ಟಿಗೆಯನ್ನು ಪುನಃ ಇಳಿಸಿದೆವು. ಅವಸರ ಇರಲಿಲ್ಲ. ಈ ಸಲ ಪಂಪನ್ನೇ ಹೊರಗೆ ತೆಗೆದೆವು. ಬುಷ್ ನೋಡಿದರೆ ಒಂದು ಬದಿ ಹೊಸದರ ಹಾಗೆ, ಎದುರು ಬದಿ ಕನ್ನಡಿಯ ಹಾಗೆ ಸವೆದು ತಗ್ಗಾಗಿದೆ. ದುಂಡಗಿದ್ದದ್ದು ಮೊಟ್ಟೆಯಾಕಾರ. ಹಬ್ ನೋಡಿದರೆ ಸುತ್ತಲೂ ಒಂದೇ ಸಮ ಹೊಳಪು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ರಿಪೇರಿಯ ಬುದ್ಧಿ ಇರುವುದೇ ಇಲ್ಲಿ. ಬುಷ್ ತಿರುಗುವುದಿಲ್ಲ, ಹಬ್ ತಿರುಗುತ್ತದೆ. ಕನ್ವರ್ಟರ್ ಸೊಟ್ಟ ಇದ್ದರೆ ಹಬ್‌ನ ಒಂದೇ ಬದಿ ಬುಷ್‌ನ ಸುತ್ತಲೂ ಉಜ್ಜುತ್ತದೆ. ಆಗ ಹಬ್ ಒಂದು ಬದಿ ಸವೆದು ಬುಷ್ ಸುತ್ತಲೂ ಸವೆಯಬೇಕು. ನಮ್ಮದು ಉಲ್ಟಾ. ತಿರುಗದ ಬುಷ್ ಒಂದೇ ಜಾಗದಲ್ಲಿ ಸವೆದಿದೆ, ತಿರುಗುವ ಹಬ್ ಸುತ್ತಲೂ ಸಮ. ಅಂದರೆ ಹಬ್ ನೆಟ್ಟಗೇ ತಿರುಗುತ್ತಿದೆ, ಪೆಟ್ಟಿಗೆಯೇ ಎಂಜಿನಿನ ನಡುವಿಗೆ ಸರಿಯಾಗಿ ಕೂತಿಲ್ಲ. ಒಂದು ಬದಿಗೆ ಸರಿದಿದೆ. ಬೀಸುವ ಕಲ್ಲಿನ ಗೂಟ ಸೊಟ್ಟವೋ ಕಲ್ಲಿನ ತೂತು ಸೊಟ್ಟವೋ ಎಂದು ಅಜ್ಜಿಯರು ಸವೆತ ನೋಡಿಯೇ ಹೇಳುತ್ತಿದ್ದರಲ್ಲ, ಅದೇ ಲೆಕ್ಕ.

ಬುಷ್ ಸವೆದದ್ದಕ್ಕೂ ಸೀಲ್ ಸೋರುವುದಕ್ಕೂ ಸಂಬಂಧ ಏನು? ಕನ್ವರ್ಟರಿಗೆ ಹೋಗುವ ಒತ್ತಡದ ಎಣ್ಣೆ ನೇರ ಸೀಲಿಗೆ ಬಡಿಯದಂತೆ ತಡೆಯುವುದು ಈ ಬುಷ್. ಅದರ ಸಂದಿಯಿಂದ ಬರುವ ಅಷ್ಟಿಷ್ಟು ಎಣ್ಣೆ ಸೀಲಿನ ಹಿಂದಿನ ಸಣ್ಣ ತೂತಿನಿಂದ ಪುನಃ ಒಳಕ್ಕೆ ಹೋಗುತ್ತದೆ. ಬುಷ್ ಸವೆದು ಸಂದಿ ದೊಡ್ಡದಾದರೆ ಬರುವ ಎಣ್ಣೆ ಜಾಸ್ತಿ, ಹೋಗುವ ತೂತು ಅಷ್ಟೇ. ಎಂಜಿನ್ ಸುಮ್ಮನೆ ಓಡುವಾಗ ಹೇಗೋ ಸುಧಾರಿಸುತ್ತದೆ. ಟ್ರಾನ್ಸ್‌ಬ್ರೇಕ್ ಹಿಡಿದು ಒತ್ತಡ ಏರಿದಾಗ ಸೀಲಿನ ತುಟಿ ತೆರೆದುಕೊಳ್ಳುತ್ತದೆ. ಪಾಪದ ಸೀಲ್, ಅದು ಏನು ಮಾಡಬೇಕು?

ಖಾತರಿಗೆ ಕನ್ವರ್ಟರನ್ನು ಎಂಜಿನಿನ ಫ್ಲೆಕ್ಸ್ ಪ್ಲೇಟಿಗೆ ಹಾಗೇ ಕಟ್ಟಿ, ಹಬ್ ಮೇಲೆ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿದೆವು. ಮುಳ್ಳು ಹಂದಾಡಲಿಲ್ಲ ಎನ್ನುವಷ್ಟೇ. ಹಬ್ ನೆಟ್ಟಗಿದೆ ಎಂಬುದು ಖಚಿತ. ಹಾಗಾದರೆ ಪೆಟ್ಟಿಗೆ ಏಕೆ ಸರಿಯಿತು?

ಹುಡುಗ ಎಂಜಿನಿನ ಹಿಂಭಾಗಕ್ಕೆ ಟಾರ್ಚ್ ಹಿಡಿದ. ಎಂಜಿನ್ ಬ್ಲಾಕಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೆರಳಿನ ತುದಿಯಷ್ಟು ಉದ್ದದ ಉಕ್ಕಿನ ಗೂಟ ಇರಬೇಕು, ಡವೆಲ್ ಪಿನ್. ಬೋಲ್ಟುಗಳು ಪೆಟ್ಟಿಗೆಯನ್ನು ಬಿಗಿಯುತ್ತವೆ ಅಷ್ಟೇ, ನಡು ಹಿಡಿಯುವುದು ಈ ಎರಡು ಗೂಟಗಳು. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ಸ್ವಲ್ಪ ದೊಡ್ಡದು, ಅದನ್ನು ನಂಬಿದರೆ ಪೆಟ್ಟಿಗೆ ಎಲ್ಲಿಗೆ ಬೇಕಾದರೂ ಕೂರುತ್ತದೆ. ಎಡಗಡೆ ಗೂಟ ಇತ್ತು. ಬಲಗಡೆ ಬರೀ ತೂತು.

'ಕನ್ವರ್ಟರ್ ಹಾಕುವ ದಿನ ಈ ತೂತು ತೋರಿಸಿ ನಾನು ಕೇಳಿದ್ದೆನಲ್ಲ' ಎಂದ ಹುಡುಗ. ದನಿಯಲ್ಲಿ ದೂರು ಇರಲಿಲ್ಲ, ನೆನಪಿಸುವವನ ಹಾಗೆ ಹೇಳಿದ.

ಕೇಳಿದ್ದು ಹೌದು. ನಾವು ಇನ್ನೊಂದು ಗಾಡಿಯ ಅಡಿಯಲ್ಲಿ ಮಲಗಿದ್ದೆವು. ತಲೆ ಹೊರಗೆ ಹಾಕದೆಯೇ 'ಅದು ಹಾಗೇ ಇರ್ತದೆ, ಬೋಲ್ಟ್ ಹಾಕು' ಎಂದಿದ್ದೆವು.

ಅದಕ್ಕಿಂತ ಮೊದಲಿನದ್ದೂ ನಮ್ಮದೇ. ನವೆಂಬರಿನಲ್ಲಿ ಈ ಗಾಡಿಯ ಹಳೇ ಎಂಜಿನ್ ಬ್ಲಾಕ್ ಬಿರುಕು ಬಿಟ್ಟು ಹೊಸ ಬ್ಲಾಕ್ ತಂದದ್ದು. ಗೂಟಗಳು ಹೊಸ ಬ್ಲಾಕಿನ ಜೊತೆ ಬಂದಿರಲಿಲ್ಲ, ಹಳೇದರಿಂದ ಕಿತ್ತು ಹಾಕಬೇಕಿತ್ತು. ಒಂದು ಸಲೀಸಾಗಿ ಬಂತು. ಇನ್ನೊಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ನಾಳೆ ತೆಗೆಯೋಣ ಎಂದು ಬಿಟ್ಟೆವು. ನಾಳೆ ಇನ್ನೊಂದು ಕೆಲಸ ಬಂತು. ಎಂಜಿನ್ ಕೂರಿಸಿದ್ದು ನಾವಿಬ್ಬರು ಹಳಬರು. ಹುಡುಗ ಆಗ ತಂಗಿಯ ಮದುವೆಗೆಂದು ಊರಿನಲ್ಲಿದ್ದ. ಗ್ಯಾರೇಜಿನ ಹಿಂದಿನ ಗುಜರಿ ರಾಶಿಯಲ್ಲಿ ಹಳೇ ಬ್ಲಾಕ್ ಇನ್ನೂ ಬಿದ್ದಿತ್ತು. ಹೋಗಿ ಮರಳು ಒರೆಸಿ ನೋಡಿದೆವು. ಗೂಟ ಅದರಲ್ಲೇ ಇತ್ತು.

ಫ್ಲಾಸ್ಕಿನ ಚಹಾ ಆರಿತ್ತು. ಯಾರೂ ಕುಡಿಯಲಿಲ್ಲ.

ಮುಂದಿನದ್ದು ಕೈಕೆಲಸ. ಹೊಸ ಗೂಟ ಎರಡೂ ತಂದು, ಇದ್ದದ್ದನ್ನೂ ಕಿತ್ತು, ಹಿತ್ತಾಳೆಯ ಸುತ್ತಿಗೆಯಿಂದ ತಟ್ಟಿ ಕೂರಿಸಿದೆವು. ಪಂಪಿನ ಹಳೇ ಬುಷ್ ಪ್ರೆಸ್‌ನಲ್ಲಿ ಒತ್ತಿ ತೆಗೆದು ಹೊಸದನ್ನು ಅಂಟು ಹಚ್ಚಿ ಒತ್ತಿದೆವು, ತಿರುಗಿ ಹೊರಬರಬಾರದೆಂದು. ಹೊಸ ಬುಷ್‌ಗೆ ಹಬ್ ಹಾಕಿ ಕೈಯಲ್ಲಿ ತಿರುಗಿಸಿ, ಎಲ್ಲೂ ಹಿಡಿಯುವುದಿಲ್ಲ ಎಂದು ನೋಡಿಕೊಂಡೆವು. ಸೀಲಿನ ಹಿಂದಿನ ವಾಪಸ್ ತೂತಿಗೆ ಗಾಳಿ ಹೊಡೆದು ಶುಚಿ ಮಾಡಿದೆವು. ಪಂಪಿನ ಸುತ್ತಿನ ರಬ್ಬರ್ ಉಂಗುರ, ಗ್ಯಾಸ್ಕೆಟ್ ಹೊಸದು. ಪಂಪಿನ ಬೋಲ್ಟುಗಳ ತಲೆಯಡಿಯ ಸೀಲ್ ವಾಷರೂ ಹೊಸದು, ಅಲ್ಲಿಂದ ಸೋರಿದರೂ ಸೀಲ್ ಸೋರಿದ ಹಾಗೇ ಕಾಣುತ್ತದೆ. ಹಬ್‌ನ ಮೈಯನ್ನು ನಯವಾದ ಎಮರಿ ಕಾಗದದಲ್ಲಿ ಸುತ್ತಲೂ ಉಜ್ಜಿ, ಹೊಸ ಸೀಲಿನ ತುಟಿಗೆ ಎಣ್ಣೆ ಹಚ್ಚಿದೆವು. ಸೀಲಿನ ಮುಂದೆ ಅದು ಹೊರಗೆ ತಳ್ಳಲ್ಪಡದಂತೆ ಹಿಡಿಯುವ ತಗಡಿನ ಬಳೆಯನ್ನೂ ಹಾಕಿದೆವು, ರೇಸ್ ಗಾಡಿಗೆಂದೇ ಬರುತ್ತದೆ.

ಕನ್ವರ್ಟರ್ ಕೂರಿಸಲು ಹುಡುಗನಿಗೇ ಕೊಟ್ಟೆವು. ಅದು ಒಂದೇ ಸಲಕ್ಕೆ ಒಳಗೆ ಹೋಗುವುದಲ್ಲ. ನಿಧಾನ ತಿರುಗಿಸುತ್ತಾ ತಳ್ಳಿದರೆ 'ಟಕ್' ಎಂದು ಒಂದೊಂದೇ ಹಲ್ಲು ಸೇರುತ್ತದೆ, ಕೊನೆಯ 'ಟಕ್' ಪಂಪಿನದ್ದು. ಅದು ಸೇರದೆ ಪೆಟ್ಟಿಗೆ ಬಿಗಿದರೆ ಪಂಪ್ ಪುಡಿ. ಪೆಟ್ಟಿಗೆ ಕಟ್ಟಿದ ಮೇಲೆ ಕನ್ವರ್ಟರಿಗೂ ಫ್ಲೆಕ್ಸ್ ಪ್ಲೇಟಿಗೂ ನಡುವೆ ಸುಮಾರು 3ರಿಂದ 5 ಮಿ.ಮೀ. ಸಂದಿ ಉಳಿಯಬೇಕು, ಅದನ್ನು ಮುಂದಕ್ಕೆ ಎಳೆದು ಬೋಲ್ಟ್ ಹಾಕುವುದು. ಹುಡುಗ ಅಳೆದು ಹೇಳಿದ, ನಾಲ್ಕು. ಎರಡು ಗೂಟಗಳ ಮೇಲೆ ಪೆಟ್ಟಿಗೆ ಈ ಸಲ ಬೋಲ್ಟಿನ ಸಹಾಯವಿಲ್ಲದೆ ತಾನೇ ಬಂದು ಕೂತಿತು. ಹಿಂದಿನ ಸಲ ಅದನ್ನು ಬೋಲ್ಟ್ ಬಿಗಿದು ಎಳೆಯಬೇಕಾಗಿತ್ತು. ಆಗಲೇ ನಮಗೆ ಸಂಶಯ ಬರಬೇಕಿತ್ತು.

ಫೆಬ್ರವರಿಯಲ್ಲಿ ಸಾಖೀರ್‌ನಲ್ಲಿ ನೋವಾ ಆ ರಾತ್ರಿ ಐದು ಓಟ ಓಡಿತು. ಪ್ರತಿ ಓಟ ಮುಗಿದ ಕೂಡಲೇ ಹುಡುಗ ಬೆನ್ನ ಮೇಲೆ ಮಲಗಿ ಅಡಿಗೆ ಹೋಗುತ್ತಿದ್ದ, ನೇರಳೆ ದೀಪ ಹಿಡಿದು. ಐದು ಸಲವೂ ಒಣ. ಟಾರ್ಚಿನ ಸಿಬ್ಬಂದಿಯೂ ಬಗ್ಗಿ ನೋಡಿದ, ಈ ಸಲ ಹೆಬ್ಬೆರಳು ಎತ್ತಿದ. ಗಾಡಿಯ ಯಜಮಾನ ಫೈನಲಿಗೆ ಹೋಗಲಿಲ್ಲ, ಮೂರನೇ ಸುತ್ತಿನಲ್ಲಿ ಒಬ್ಬ ಕುವೈತಿಗೆ ಸೋತ. ಅದು ನಮ್ಮ ಕೈಯಲ್ಲಿರುವುದಲ್ಲ.

ಊರಿನಲ್ಲಿ ಈಗ ಆಟೊಮ್ಯಾಟಿಕ್ ಕಾರು ಪ್ರತಿ ಗಲ್ಲಿಯಲ್ಲೂ ಉಂಟು. ಅಡಿಯಲ್ಲಿ ಒದ್ದೆ ಕಂಡಕೂಡಲೇ ಗಾಬರಿ ಬೇಡ. ಮೊದಲು ಬಿಳಿ ಕಾಗದ ಹಾಕಿ ನೋಡಿ. ಬಣ್ಣವಿಲ್ಲದ ನೀರಾದರೆ ಹೆಚ್ಚಾಗಿ ಏಸಿಯದ್ದು. ಕೆಂಪು ಅಥವಾ ಕಂದು ಜಿಡ್ಡಾದರೆ ಸುಮ್ಮನಿರಬೇಡಿ. ಎಲ್ಲಾ ಆಟೊಮ್ಯಾಟಿಕ್ ಒಂದೇ ಅಲ್ಲ ಎಂಬುದೂ ನೆನಪಿರಲಿ. ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸಿಗೇ ಯಂತ್ರದ ಕೈ ಜೋಡಿಸಿದ್ದು, ಸಿವಿಟಿಗೆ ಅದರದ್ದೇ ಬೇರೆ ಎಣ್ಣೆ ಬೇಕು. ಸಿಕ್ಕಿದ ಎಣ್ಣೆ ಸುರಿದರೆ ಸೋರಿಕೆಗಿಂತ ದೊಡ್ಡ ಖರ್ಚು ಕಾದಿರುತ್ತದೆ. ಮೆಕ್ಯಾನಿಕ್ ತೊಳೆದು ನೋಡದೆಯೇ ಗ್ಯಾಸ್ಕೆಟ್ ಬದಲಿಸೋಣ ಎಂದರೆ, ಎಲ್ಲಿಂದ ಬರ್ತದೆ ಎಂದು ತೋರಿಸಿ ಎನ್ನಿ. ಕೋಪ ಮಾಡಿಕೊಂಡರೆ ಇನ್ನೊಬ್ಬರ ಹತ್ತಿರ ಹೋಗಿ.

ಹುಡುಗನ ಸಂಬಳದ ವಿಷಯ ಹೇಳಲು ಬಾಕಿ ಉಂಟು. ಆ ಶನಿವಾರವೇ ನಾವಿಬ್ಬರು ಮುದೀರನ ಕೋಣೆಗೆ ಹೋಗಿ ಹಳೇ ಬ್ಲಾಕಿನ ವಿಷಯ ಹೇಳಿದೆವು. ಸುಲಭವಾಗಿರಲಿಲ್ಲ. ವೀಸಾ ಕೈಯಲ್ಲಿರುವವನ ಮುಂದೆ ತಪ್ಪು ನನ್ನದು ಎನ್ನುವುದು ಊರಿನಲ್ಲಿ ಹೇಳಿದಷ್ಟು ಸಲೀಸಲ್ಲ, ಗಲ್ಫ್ ನೋಡಿದವರಿಗೆ ಗೊತ್ತು. ಅವನು ಸ್ವಲ್ಪ ಹೊತ್ತು ಬೈದ. ಆಮೇಲೆ, ಕಡಿತ ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದ. ಇಬ್ಬರಿಗೂ ಸಮ ಬರೆಯಿರಿ ಎಂದೆವು. ಬರೆದ.

ಹುಡುಗನಿಗೆ ಪೂರ್ತಿ ಸಂಬಳ ಬಂತು. ಅದರಲ್ಲಿ ಮನೆಗೆ ಕಳಿಸಿ ಉಳಿದದ್ದರಲ್ಲಿ ಅವನು ಒಂದು ಡಯಲ್ ಗೇಜ್ ಕೊಂಡುಕೊಂಡ. ಗ್ಯಾರೇಜಿನದ್ದು ಇದೆಯಲ್ಲ ಎಂದರೆ, ಇದು ನನ್ನದು ಎಂದ. ಕಳೆದ ವರ್ಷ ಊರಿಗೆ ಬಂದವನು ಬೈಕಂಪಾಡಿಯಲ್ಲಿ ಸಣ್ಣ ಶೆಡ್ ಹಾಕಿದ್ದಾನೆ. ಹೋದ ತಿಂಗಳು ಅಲ್ಲಿಗೆ ಹೋದಾಗ ಒಂದು ಕಾರಿನ ಅಡಿಯಲ್ಲಿ ಮಲಗಿದ್ದ. ಸಹಾಯಕ ಹುಡುಗ ಏನನ್ನೋ ಹಿಡಿದು ಕೇಳಿದಾಗ ಪೂರ್ತಿ ಹೊರಗೆ ಬಂದು, ಕೈ ಒರೆಸಿಕೊಂಡು, ಎಲ್ಲಿ ತೋರಿಸು ಎಂದ. ನಾವು ಬಂದದ್ದನ್ನು ಅವನು ನೋಡಿದ್ದು ಆಮೇಲೆ.